ನಾಯಿಯ ಪಾಲು

ಓಶ್ ಪೇಟೆಯ ಆಸ್ಪತ್ರೆ, ಮೂರನೆಯ ಮಹಡಿ.
ಡಾಕ್ಟರು ಗಾಜಿನ ಜಾಡಿ ಎತ್ತಿ ಕಿಟಕಿಗೆ ಹಿಡಿದರು.
ನಿನ್ನೆಯವರೆಗೆ ಅದು ಜಿಪಾರಳ ಯಕೃತ್ತಿನೊಳಗಿತ್ತು.
ನೀರು. ಬರೀ ನೀರು.
ಅಲಾಯ್ ಬೆಟ್ಟದ ಬಂಡೆಸಂದಿಯಲ್ಲಿ ಜಿನುಗುತ್ತದಲ್ಲ,
ಅಷ್ಟು ತಿಳಿ,
ಬಾಯಾರಿದವರು ಕೈಯೊಡ್ಡುವಷ್ಟು.

ಅದರಲ್ಲಿ ದ್ರಾಕ್ಷಿಯಂಥ ಗುಳ್ಳೆಗಳು ತೇಲುತ್ತಿದ್ದವು.
"ದೊಡ್ಡದು ತಾಯಿಚೀಲ, ಇವೆಲ್ಲ ಮಗಳುಚೀಲಗಳು,
ಹದಿನೇಳು ಎಣಿಸಿದೆ," ಎಂದರು,
"ಹೆಸರಿಟ್ಟವನು ನಾನಲ್ಲ, ಪುಸ್ತಕದಲ್ಲೇ ಹಾಗಿದೆ."
ಅಮ್ಮ ತಲೆವಸ್ತ್ರದ ಅಂಚನ್ನು ಬಾಯಿಗೆ ಒತ್ತಿಕೊಂಡಳು.
ಮದುವೆಯಾಗಿ ಆರು ವರ್ಷ, ಜಿಪಾರಳ ಮಡಿಲು ಬರಿದು.
ಬಲಗಡೆ ಹೊಟ್ಟೆ ಉಬ್ಬಿದ್ದು ಕಂಡು ಅವಳ ಅತ್ತೆ
ಯಾರಿಗೂ ಹೇಳದೆ
ತೊಟ್ಟಿಲಿಗೆ ಹಲಗೆ ಕೊಯ್ಸಿ ಇಟ್ಟಿದ್ದಳು.

ನಾನು ಹೇಳಬೇಕಾದ್ದು ಬೇರೆ.
ಕುರಿ ಕೊಯ್ದವನು ನಾನು.

ಅಪ್ಪ ತೀರಿಕೊಂಡು ವರ್ಷ ತುಂಬಿದ ಊಟ.
ಮೇಲಿನ ಹುಲ್ಲುಗಾವಲಲ್ಲಿ ಆರು ಡೇರೆ, ಹನ್ನೊಂದು ಕುರಿ.
ಏಳನೆಯದರ ಈಲಿಯ ಮೇಲೆ ಬಿಳಿ ಬೊಕ್ಕೆ,
ಕುರುಡುಗಣ್ಣಿನ ಹಾಗೆ ನನ್ನನ್ನೇ ನೋಡಿತು.
ನೆಂಟರ ತಟ್ಟೆಗೆ ಇದು ಸಲ್ಲದೆಂದು
ನಾಯಿಯತ್ತ ಎಸೆದೆ.
ಅಕ್ತೋಶ್. ಬಿಳಿಯೆದೆಯದು.
ಎರಡು ತೋಳಗಳನ್ನು ಅಟ್ಟಿ ಒಂದು ಕಿವಿ ಕಳೆದುಕೊಂಡದ್ದು,
ಅಪ್ಪನ ಬೂಟಿನ ಮೇಲೆ ಗದ್ದವಿಟ್ಟು ಮಲಗುತ್ತಿದ್ದುದು.
ಒಲೆಯ ಹತ್ತಿರದಿಂದ ಅಮ್ಮ ಕೂಗಿದಳು:
"ಇನ್ನೊಂದು ಚೂರು ಹಾಕೋ,
ಅದಕ್ಕೂ ಯಜಮಾನ ಸತ್ತಿದ್ದಾನೆ."

ಜಿಪಾರಳಿಗೆ ಆಗ ಹದಿಮೂರು.
ಆ ಚಳಿಗಾಲವೆಲ್ಲ ನಾಯಿಯ ಕುತ್ತಿಗೆಯ ರೋಮದಲ್ಲಿ
ಮುಖ ಹುದುಗಿಸಿ ಅತ್ತಳು,
ಅದೇ ಕೈಯಲ್ಲಿ ರೊಟ್ಟಿ ಮುರಿದು ತಿಂದಳು.
ಅಷ್ಟೆ. ಬೇರೇನೂ ನಡೆಯಲಿಲ್ಲ.

ಹುಳು ಅಕ್ಕಿಕಾಳಿಗಿಂತ ಚಿಕ್ಕದಂತೆ.
ನಾಯಿಯ ಕರುಳಲ್ಲಿ ಸಾವಿರ ಇದ್ದರೂ ನಾಯಿಗೆ ಗೊತ್ತಾಗದಂತೆ.
ನಾಯಿಯಿಂದ ಹುಲ್ಲಿಗೆ, ಹುಲ್ಲಿಂದ ಕುರಿಗೆ,
ಕುರಿಯಿಂದ, ನನ್ನ ಚೂರಿಯ ಮೂಲಕ,
ಮತ್ತೆ ನಾಯಿಗೆ.
ಮನುಷ್ಯರು ಈ ಸುತ್ತಿನಲ್ಲಿ ಇಲ್ಲವೇ ಇಲ್ಲ;
ನಮ್ಮ ಈಲಿಯನ್ನು ಯಾರು ನಾಯಿಗೆ ಹಾಕುತ್ತಾರೆ?
"ಅದರ ಪಾಲಿಗೆ ನಿಮ್ಮ ತಂಗಿ ದಾರಿಯಲ್ಲ,
ದಾರಿ ತಪ್ಪಿ ಹೊಕ್ಕ ಮನೆ," ಎಂದರು ಡಾಕ್ಟರು.
ಹೊಕ್ಕದ್ದು ಹೊರಡಲಾರದೆ ಕೂತಿತು,
ಹದಿನಾಲ್ಕು ವರ್ಷ,
ಗೋಡೆ ದಪ್ಪ ಮಾಡಿಕೊಳ್ಳುತ್ತ,
ನೀರು ತುಂಬಿಸಿಕೊಳ್ಳುತ್ತ.

ನಮ್ಮ ಮಾತಿನಲ್ಲಿ ಒಡಹುಟ್ಟಿದವರನ್ನು ಬೋರುಮ್ ಅನ್ನುತ್ತೇವೆ,
ನನ್ನ ಈಲಿಯೇ, ಅಂತ.
ದಿನಕ್ಕೆ ಹತ್ತು ಸಲ ಅಂದ ಮಾತು.
ಅವಳು ಕಣ್ಣು ಬಿಟ್ಟಾಗ
ನಾಲಗೆಯ ತುದಿಗೆ ಬಂದು ನಿಂತುಬಿಟ್ಟಿತು.
"ಚಹಾ ತರಲಾ?" ಎಂದೆ.

ಅಮ್ಮ ಮಂಚದ ಕಬ್ಬಿಣ ಹಿಡಿದು ನಿಂತಿದ್ದಳು.
"ಗೊತ್ತಿರಲಿಲ್ಲ ಮಗಳೇ, ತಪ್ಪಾಯ್ತು, ಹೊಟ್ಟೆಗೆ ಹಾಕಿಕೋ."
ಜಿಪಾರ್ ನಕ್ಕಳು. ಹೊಲಿಗೆ ಎಳೆದು ಮುಖ ಕಿವಿಚಿತು.
"ಹಾಕಿಕೊಂಡೇ ಇದ್ದೆನಲ್ಲಮ್ಮ. ನಿನ್ನೆ ತಾನೇ ತೆಗೆಸಿದೆ."

ಈಗ ಮೂರು ತಿಂಗಳಿಗೊಮ್ಮೆ
ಪಶುವೈದ್ಯರ ಕಡೆಯ ಶೈರ್ಕಾನ್ ಕುದುರೆ ಏರಿ ಬರುತ್ತಾಳೆ,
ನಾಯಿಗಳ ಲೆಕ್ಕ ಬರೆದುಕೊಂಡು ಮಾತ್ರೆ ಎಣಿಸಿ ಕೊಡುತ್ತಾಳೆ.
ಅಮ್ಮ ಅದನ್ನು ಕುರಿಬಾಲದ ಕೊಬ್ಬಿನಲ್ಲಿ ಅಡಗಿಸಿ ನುಂಗಿಸುತ್ತಾಳೆ.
ಕುರಿ ಕೊಯ್ದ ದಿನ
ಬೊಕ್ಕೆಯಿದ್ದ ಈಲಿ, ಶ್ವಾಸಕೋಶ ಗುಂಡಿಗೆ ಬೀಳುತ್ತವೆ,
ಮೇಲೆ ಸುಣ್ಣ, ಅದರ ಮೇಲೆ ಹಲಗೆ, ಕಲ್ಲು.
ಹಲಗೆ ಜಿಪಾರ್ ತಂದದ್ದು.
ಎಲ್ಲಿಯದೆಂದು ಯಾರೂ ಕೇಳಲಿಲ್ಲ.

ಅದರ ಮೇಲೆಯೇ ಹೋಗಿ ಕೂರುತ್ತದೆ ಅಕ್ತೋಶನ ಮೊಮ್ಮಗ.
ಬೊಗಳುವುದಿಲ್ಲ, ಕೆರೆಯುವುದಿಲ್ಲ,
ತನ್ನ ಪಾಲು ಎಲ್ಲಿಗೂ ಹೋಗದೆಂದು ನಂಬಿದವರ ಹಾಗೆ
ಸುಮ್ಮನೆ ಅಮ್ಮನನ್ನೇ ನೋಡುತ್ತದೆ.

ಅಮ್ಮ ಸೋಪು ಹಚ್ಚಿ ಕೈ ತೊಳೆಯುತ್ತಾಳೆ,
ಮತ್ತೊಮ್ಮೆ ತೊಳೆಯುತ್ತಾಳೆ.
ಆಮೇಲೆ ತನ್ನ ಬೋಗುಣಿಯಿಂದ ಮೂಳೆಯೊಂದನ್ನು ಆರಿಸಿ,
ಆರುವವರೆಗೆ ಊದಿ,
ದೂರದಿಂದಲೇ ಎಸೆಯುತ್ತಾಳೆ:
"ತಗೋ, ಇದು ಬೆಂದದ್ದು."